ಲಾಂಛನಕ್ಕೊಂದು ಹದ್ದು

ಹಾರಾಟದ ಉಡುಪಿನ ಮೇಲೆ ಧರಿಸುವ ಪ್ರತಿ ಸ್ಕ್ವಾಡ್ರನ್ ಲಾಂಛನಕ್ಕೂ ಒಂದು ಹದ್ದು ಇರತಕ್ಕದ್ದು. ಹದ್ದು ಮೀರಿದ ಲಾಂಛನ ಧರಿಸಿದವರು ಹಾರತಕ್ಕದ್ದಲ್ಲ.

ವಾಯುಪಡೆಯ ಉಡುಪು ನಿಯಮಾವಳಿಯಲ್ಲಿ ಈ ಎರಡು ವಾಕ್ಯಗಳು ಈಗಲೂ ಜಾರಿಯಲ್ಲಿವೆ. ಬರೆದವನು ನಾನು. ನಾನು ವಿಮಾನ ಹಾರಿಸುವವನಲ್ಲ. ಉಡುಪು ವಿಭಾಗದಲ್ಲಿ ಕೂತು, ಹಾರಿಸುವವರ ಗುಂಡಿ ಜೇಬುಗಳ ಬಗ್ಗೆ ಸುತ್ತೋಲೆ ಬರೆಯುವವನು. ಅದಕ್ಕೆ ಬೇಕಾದ ಅರ್ಹತೆ ನನಗಿದೆ. ಭಾಷೆಯಲ್ಲಿ ಎಂ.ಎ., ಚಿನ್ನದ ಪದಕ.

ನಿಯಮಕ್ಕೆ ಕಾರಣವಿತ್ತು. ಕಡತದಲ್ಲಿ ಲಾಂಛನ ಎನ್ನಿಸಿಕೊಳ್ಳುವುದನ್ನು ಪೈಲಟ್‌ಗಳು ಪ್ಯಾಚು ಅನ್ನುತ್ತಾರೆ. ಮೊದಲು ಅದು ಅಂಗೈಯಗಲದ ಕಸೂತಿ ಬಟ್ಟೆ, ತೋಳಿನ ಮೇಲೆ ತನ್ನ ಪಾಡಿಗೆ ತಾನಿರುತ್ತಿತ್ತು. ಆಮೇಲೆ ಪ್ರತಿ ಹೊಸ ಕಮಾಂಡರ್ ತನ್ನ ಕಾಲದ ಗುರುತಿಗೆಂದು ಅದನ್ನು ಒಂದಿಷ್ಟು ಹಿಗ್ಗಿಸುವ ಸಂಪ್ರದಾಯ ಬೆಳೆಯಿತು. ಹುಲಿ ಸ್ಕ್ವಾಡ್ರನ್ನಿನ ಹುಲಿ ಇಡೀ ತೋಳು ಸುತ್ತಿ ಬಂದು ತನ್ನ ಬಾಲವನ್ನು ತಾನೇ ಮೂಸುತ್ತಿತ್ತು. ಕಸೂತಿ ಎಷ್ಟು ದಪ್ಪವಾಯಿತೆಂದರೆ ಒಬ್ಬ ಪೈಲಟ್ ಮೊಣಕೈ ಮಡಚಲಾಗದೆ, ಚಕ್ರ ಇಳಿಸುವ ಹಿಡಿಯನ್ನು ಕಾಲಿನಿಂದ ಒದ್ದ. ಚಕ್ರಗಳು ಇಳಿದವು. ವಿಚಾರಣೆಯೂ ನಡೆಯಿತು.

ಪ್ಯಾಚಿನ ಗಾತ್ರಕ್ಕೆ ಮಿತಿ ಹಾಕುವ ವಾಕ್ಯ ಬರೆಯಲು ನನಗೆ ಹೇಳಿದರು. 'ಮಿತಿ' ಎಂದೇ ಬರೆದು ನೋಡಿದೆ. ಸಪ್ಪೆ ಅನ್ನಿಸಿತು. ಹೊಡೆದುಹಾಕಿ 'ಹದ್ದು' ಎಂದು ಬರೆದೆ. ಎಲ್ಲೆ, ಮೇರೆ ಎಂಬರ್ಥದ ಗತ್ತಿನ ಪದ. ಜನ ಹದ್ದು ಮೀರುತ್ತಾರೆ, ಅವರನ್ನು ಹದ್ದುಬಸ್ತಿನಲ್ಲಿ ಇಡಬೇಕಾಗುತ್ತದೆ. ಅದೇ ಹೆಸರಿನ ಹಕ್ಕಿಯೊಂದಿದೆ ಎಂಬುದು, ವಾಯುಪಡೆಯ ಕಚೇರಿಯಲ್ಲೇ ಕೂತಿದ್ದ ನನಗೆ ಹೊಳೆಯಲಿಲ್ಲ. ಇಂಥವು ಹೊಳೆಯುವವರಿಗೆ ಪದಕ ಕೊಡುವುದಿಲ್ಲ.

ಸುತ್ತೋಲೆ ತಲುಪಿದ್ದೇ ತಡ, ಎಲ್ಲ ಸ್ಕ್ವಾಡ್ರನ್‌ಗಳೂ ಶಿಸ್ತಾಗಿ ಹದ್ದು ಹೊಲಿಸಿಕೊಂಡವು. ಹುಲಿಯ ನೆತ್ತಿಯ ಮೇಲೊಂದು ಕೂತಿತು. ಎರಡನೆಯ ವಾಕ್ಯದ ಪ್ರಕಾರ ಬೇರೆ ಯಾವುದೂ ಹದ್ದನ್ನು ಮೀರುವಂತಿರಲಿಲ್ಲ; ಹಾಗಾಗಿ ಸರಕು ಸಾಗಿಸುವವರ ಆನೆ ಇಲಿಯಷ್ಟಾಗಿ ಹದ್ದಿನ ಕಾಲಬುಡದಲ್ಲಿ ನಿಂತಿತು. ಬಾವಲಿ ಸ್ಕ್ವಾಡ್ರನ್ನಿನವರು ಬಾವಲಿಯ ಪಕ್ಕ ಹದ್ದನ್ನೂ ತಲೆಕೆಳಗಾಗಿ ನೇತುಹಾಕಿದರು, ಸಮಾನತೆಯ ದೃಷ್ಟಿಯಿಂದ.

ನಾನು ನಮ್ಮ ನಿರ್ದೇಶಕರ ಕೋಣೆಗೆ ಓಡಿದೆ. ಬೆನ್ನ ಹಿಂದೆ ಎಲ್ಲರೂ ಅವರನ್ನು ಇಸ್ತ್ರಿ ಸಾಹೇಬರು ಅನ್ನುತ್ತಾರೆ. ಕೂತಾಗಲೂ ಅವರ ಪ್ಯಾಂಟಿನ ಗೆರೆ ಮುರಿಯುವುದಿಲ್ಲ.

"ಸರ್, ಅಲ್ಲಿ ಹದ್ದು ಅಂದ್ರೆ ಹಕ್ಕಿ ಅಲ್ಲ."

"ಮತ್ತೇನ್ರೀ, ಮೀನಾ?"

"ಮಿತಿ ಸರ್. ಹದ್ದು ಮೀರಬೇಡ ಅಂತಾರಲ್ಲ, ಆ ಹದ್ದು."

"ಹಾಗಾದ್ರೆ ಮಿತಿ ಅಂತಲೇ ಬರೀಬೇಕಿತ್ತು."

"ಸಪ್ಪೆ ಅನ್ನಿಸ್ತು ಸರ್."

"ಈಗ ಉಪ್ಪು ಖಾರ ಸರಿಯಾಯ್ತಾ?" ಎಂದು ಅವರು ಒಂದು ಹಾಳೆ ನನ್ನ ಕಡೆ ತಳ್ಳಿದರು. "ಮುಖ್ಯಸ್ಥರು ಖುಷಿಯಾಗಿದ್ದಾರೆ. ವಾಯುಪಡೆಯಾಗಿ ಇಷ್ಟು ವರ್ಷ ನಮ್ಮ ಹತ್ರ ಒಂದು ಹದ್ದೂ ಇರಲಿಲ್ಲವಲ್ಲ ಅಂತ ಬೇಜಾರು ಮಾಡ್ಕೊಂಡ್ರಂತೆ. ನಿಮಗೆ ಪ್ರಶಂಸಾಪತ್ರ. ತಪ್ಪಾಗಿದೆ ಅಂತ ಹೇಳಿ ವಾಪಸ್ ಕಳಿಸ್ಲಾ?"

ಸತ್ಯದ ಬಗ್ಗೆ ನನಗಿರುವ ಗೌರವ ದೊಡ್ಡದು. ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ.

ತೊಂದರೆ ಮನೆಯಲ್ಲಿ ಶುರುವಾಯಿತು. ನನ್ನ ತಂಗಿ ನೆರೆಯಲ್ಲಿ ಸಿಕ್ಕಿಕೊಂಡವರನ್ನು ಎತ್ತಿ ತರುವ ಹೆಲಿಕಾಪ್ಟರ್ ಸ್ಕ್ವಾಡ್ರನ್ನಿನಲ್ಲಿ ಪೈಲಟ್. ಅವರ ಪ್ಯಾಚಿನಲ್ಲಿರುವುದು ಆಮೆ. ನಮ್ಮ ಅಪ್ಪನೂ ಅಲ್ಲೇ ಇದ್ದವರು. ತೀರಿಕೊಂಡವರ ಪ್ಯಾಚು ಅದೇ ಸ್ಕ್ವಾಡ್ರನ್ ಸೇರಿದ ಅವರ ಮಕ್ಕಳಿಗೆ ಬರಬೇಕು, ಮಕ್ಕಳು ಅದನ್ನೇ ಧರಿಸಬೇಕು, ಹಾಗೆ ಬಂದದ್ದಕ್ಕೆ ಮತ್ತೆ ಸೂಜಿ ಮುಟ್ಟಿಸಬಾರದು. ಇದು ಆಮೆಯವರ ಸಂಪ್ರದಾಯ. ಅಪ್ಪನ ಪ್ಯಾಚಿನ ಆಮೆಗೆ ಹಿಂದಿನ ಎಡಗಾಲು ನೀಲಿ. ಅದೊಮ್ಮೆ ಸವೆದು ಹೋದಾಗ ಅಮ್ಮ ಅಡುಗೆಮನೆಯ ಕಟ್ಟೆ ಮೇಲೆ ಕೂತು ಹೊಲಿದದ್ದು. ಹಸಿರು ದಾರ ಮುಗಿದಿತ್ತು.

"ನಾಳೆಯಿಂದ ನಾನು ಹಾರೋ ಹಾಗಿಲ್ಲ ಕಣೋ ಅಣ್ಣ," ಅಂದಳು ತಂಗಿ ಊಟಕ್ಕೆ ಕೂತಾಗ. "ಹದ್ದೇ ಇಲ್ಲದ ಕಡೆ ಆಮೆ ಎಷ್ಟು ಚಿಕ್ಕದಿದ್ರೂ ಹದ್ದನ್ನ ಮೀರಿದ ಹಾಗೇ ಅಂತೆ."

ತರ್ಕದಲ್ಲಿ ದೋಷವಿರಲಿಲ್ಲ.

"ಒಂದು ಹದ್ದು ಹೊಲಿಸಿಬಿಡೇ," ಅಂದೆ.

"ಎಲ್ಲಿ ಹೊಲಿಸ್ಲಿ? ಆಮೆಗಿಂತ ದೊಡ್ಡದಿರಬೇಕು. ಅಪ್ಪನ ಪ್ಯಾಚಲ್ಲಿ ಬಾಲ ಒಂದು ಬಿಟ್ಟು ಎಲ್ಲಾ ಮುಚ್ಚಿಹೋಗುತ್ತೆ. ಅದಕ್ಕೆ ಸೂಜಿ ಹಾಕೋಕೆ ಬಿಡಲ್ಲ ನಾನು. ಹಾರೋದು ಬಿಟ್ಟೇನು. ಯಾವ ಪುಣ್ಯಾತ್ಮ ಬರೆದ್ನೋ ಅದನ್ನ!"

ನಾನು ತಟ್ಟೆ ನೋಡಿದೆ. ಅಮ್ಮ ನನ್ನನ್ನು ನೋಡಿದರು.

"ಇವನೇ ಇರ್ಬೇಕು," ಅಂದರು. "ಚಿಕ್ಕೋನಿದ್ದಾಗಿಂದ್ಲೂ ಅಷ್ಟೇ. ನೀರು ಬೇಕು ಅಂತ ನೆಟ್ಟಗೆ ಕೇಳಿದೋನಲ್ಲ, ದಾಹವಾಗ್ತಿದೆ ಅಂತಿದ್ದ."

ಮುಖ್ಯಸ್ಥರು ಮೆಚ್ಚಿದ ನಿಯಮವನ್ನು ತಿದ್ದುವಂತಿಲ್ಲ. ಆದರೆ ಯಾವ ನಿಯಮಕ್ಕಾದರೂ ವಿವರಣೆ ಸೇರಿಸಬಹುದು. ನಾನು ಕೂತು ಬರೆದೆ: 'ಈ ನಿಯಮದ ಉದ್ದೇಶಕ್ಕಾಗಿ, ಹದ್ದು ಎಂಬ ಪದವು ಆಮೆಯನ್ನೂ ಒಳಗೊಳ್ಳತಕ್ಕದ್ದು.'

ಉಡುಪು ಸಮಿತಿ ಸಭೆ ಸೇರಿತು. ತೊಂದರೆಯಲ್ಲಿರುವವಳು ನನ್ನ ತಂಗಿ ಎಂದು ಮೊದಲೇ ತಿಳಿಸಿದೆ. ಮನೆಯವರಿಗಾಗಿಯಲ್ಲದೆ ಇಷ್ಟು ಬೇಗ ಯಾರು ಸಭೆ ಕರೆಯುತ್ತಾರೆ ಎಂದು ಸದಸ್ಯರು ಸಮಾಧಾನ ಹೇಳಿದರು. ತಜ್ಞರಾಗಿ, ಕಾವಲು ನಾಯಿಗಳನ್ನು ನೋಡಿಕೊಳ್ಳುವ ಪಶುವೈದ್ಯರು ಬಂದಿದ್ದರು.

"ಡಾಕ್ಟ್ರೇ, ಆಮೆಗೂ ಹದ್ದಿಗೂ ಏನಾದ್ರೂ ಹೋಲಿಕೆ ಇದೆಯಾ?" ಇಸ್ತ್ರಿ ಸಾಹೇಬರು ಕೇಳಿದರು.

"ಎರಡೂ ಮೊಟ್ಟೆ ಇಡ್ತವೆ. ಎರಡಕ್ಕೂ ಹಲ್ಲಿಲ್ಲ. ಬೇಕಿದ್ರೆ ನೋಡಿ, ಆಮೆಗೂ ಕೊಕ್ಕಿರುತ್ತೆ."

"ಹಾರುತ್ತಾ?"

"ಹೆಲಿಕಾಪ್ಟರಲ್ಲಿ ಕೂರಿಸಿದ್ರೆ ಹಾರುತ್ತೆ."

"ಅದು ನಮ್ಮ ಪೈಲಟ್‌ಗಳಿಗೂ ಅನ್ವಯಿಸುತ್ತೆ," ಅಂದರು ಸಾಹೇಬರು. ವಿವರಣೆ ಅಂಗೀಕಾರವಾಯಿತು.

ತಂಗಿ ಮರುದಿನವೇ ಹಾರಿದಳು. ಅಪ್ಪನ ಪ್ಯಾಚಿಗೆ ಯಾರೂ ಸೂಜಿ ಮುಟ್ಟಿಸಲಿಲ್ಲ. ಆನೆಯವರೂ ಅರ್ಜಿ ಹಾಕಿದರು. ಆನೆ ಮೊಟ್ಟೆ ಇಡುವುದಿಲ್ಲವೆಂಬ ಕಾರಣಕ್ಕೆ ತಿರಸ್ಕೃತವಾಯಿತು. ತಂಗಿಯ ಸ್ಕ್ವಾಡ್ರನ್ನಿನ ಬಾಗಿಲಲ್ಲಿ ಒಂದು ನಿಜವಾದ ಆಮೆ ಸಾಕಿದ್ದಾರೆ. ಅದರ ತೊಟ್ಟಿಯ ಮೇಲೆ 'ಹದ್ದು. ಕೈ ಹಾಕಬೇಡಿ' ಎಂದು ಫಲಕ ಬಂತು. ಹದ್ದಾದ್ದರಿಂದ ಅದಕ್ಕೆ ದಿನವೂ ಮಾಂಸ ಮಂಜೂರಾಯಿತು. ಅದು ಮೂಸಿಯೂ ನೋಡಲಿಲ್ಲ, ಸೊರಗತೊಡಗಿತು. ತಂಗಿ ಫೋನ್ ಮಾಡಿದಳು. ಸೊಪ್ಪನ್ನು ಮಾಂಸವೆಂದು ಪರಿಗಣಿಸತಕ್ಕದ್ದು ಎಂದು ಇನ್ನೊಂದು ವಿವರಣೆ ಬರೆದೆ. ಈಗ ಹದ್ದು ಚೆನ್ನಾಗಿ ಮಾಂಸ ತಿನ್ನುತ್ತಿದೆ. ಈ ಕೆಲಸದಲ್ಲಿ ನನ್ನ ಕೈ ಪಳಗಿದೆ.

ಪ್ಯಾಚುಗಳ ಗಾತ್ರದ ವಿಷಯ ಮಾತ್ರ ಹಾಗೇ ಉಳಿಯಿತು. ಹುಲಿಯನ್ನು ಕುಗ್ಗಿಸಲು ಮನಸ್ಸಾಗದವರು ಹದ್ದನ್ನು ಹಿಗ್ಗಿಸುತ್ತಾ ಹೋದರು. ಅದರ ರೆಕ್ಕೆ ಬೆನ್ನು ದಾಟಿ ಇನ್ನೊಂದು ತೋಳಿಗೆ ಇಳಿಯಿತು. ಈಗ ಎರಡೂ ಮೊಣಕೈ ಮಡಚಲಾಗದ ಪೈಲಟ್‌ಗಳು ಸಿದ್ಧರಾದರು.

"ಈ ಸಲ ನೆಟ್ಟಗೆ ಬರೀರಿ," ಅಂದರು ಇಸ್ತ್ರಿ ಸಾಹೇಬರು.

ಬರೆದೆ. 'ಪ್ರತಿ ಲಾಂಛನಕ್ಕೂ ಒಂದು ಮಿತಿ ಇರತಕ್ಕದ್ದು.' ಸಪ್ಪೆಯಾಗಿತ್ತು, ಬಿಗಿಯಾಗಿತ್ತು. ಅಮ್ಮನಿಗೂ ಓದಿ ಹೇಳಿದೆ. ತಲೆಯಾಡಿಸಿದರು.

ಸುತ್ತೋಲೆ ಹೊರಟ ಮೇಲೆ ಸಾಹೇಬರು ಮತ್ತೆ ಕರೆಸಿದರು. ಕೈಯಲ್ಲಿ ಪೆನ್ನು ಹಿಡಿದಿದ್ದರು.

"ಕಸೂತಿಯವರು ಕೇಳ್ತಿದ್ದಾರೆ. ಮಿತಿಗೆ ಕಾಲೆಷ್ಟು?"

"ಸರ್, ಮಿತಿ ಅಂದ್ರೆ ಏನು ಅಂತ ತಮಗೆ ಗೊತ್ತಲ್ಲ."

"ನನಗೆ ಗೊತ್ತಿರೋದು ಬೇರೆ ಮಾತು. ಪ್ರಶ್ನೆ ಬಂದಿದೆ, ಉತ್ತರ ಹೋಗ್ಬೇಕು. ಎಲ್ಲಾ ಸ್ಕ್ವಾಡ್ರನ್ನಿಗೂ ಹೊಲೀಬೇಕಂತೆ. ಬೇಗ ಹೇಳಿ."

ಕಿಟಕಿಯಾಚೆ ಒಂದು ಹೆಲಿಕಾಪ್ಟರ್ ಧೂಳೆಬ್ಬಿಸುತ್ತಾ ಮೇಲೇರುತ್ತಿತ್ತು.

"ನಾಲ್ಕು ಸರ್," ಅಂದೆ. "ಬೆನ್ನ ಮೇಲೆ ಚಿಪ್ಪು. ಹಿಂದಿನ ಎಡಗಾಲು ನೀಲಿ."

"ಹಿಂದಿನ ಎಡಗಾಲು ನೀಲಿ," ಎನ್ನುತ್ತಾ ಅವರು ಬರೆದುಕೊಂಡರು.