ಮಾವನ ಟೇಪು, ನನ್ನ ಬಿ.ಎ.

ಎರಡು ಸಂಗತಿಗಳು ಈ ಜನ್ಮದಲ್ಲಿ ಆಗುವುದಿಲ್ಲ ಎಂದು ಹೇಳಿದವರು ನಮ್ಮ ಮಾವ ಗುರುಪಾದಪ್ಪ. ಒಂದು, ಅವರ ಟೇಪು ಕೆಡುವುದು. ಇನ್ನೊಂದು, ನಾನು ಬಿ.ಎ. ಪಾಸಾಗುವುದು. ಗಡಹಿಂಗ್ಲಜದ ನಮ್ಮ ಮನೆಯ ಪಡಸಾಲೆಯಲ್ಲಿ ಬೀಗರ ಎದುರಿಗೆ ಕುಳಿತು, ಬಸಿಯೊಳಗಿನ ಚಹಾ ಊದುತ್ತ ಹೇಳಿದರು: “ಅದು ಕೆಡಾಂಗಿಲ್ಲ, ಇಕಿ ಪಾಸಾಗಾಂಗಿಲ್ಲ. ಬರದ ಇಡ್ರಿ.” ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಸಿಟ್ಟು ಬಂತು. ಆದರೂ ಅವರ ಟೇಪಿನ ಜೊತೆಗೆ ಒಂದೇ ಉಸಿರಿನಲ್ಲಿ ನನ್ನ ಪ್ರಸ್ತಾಪ ಬಂದದ್ದು ಅದೇ ಮೊದಲು. ಆ ಮನೆಯಲ್ಲಿ ಅದೇನು ಸಣ್ಣ ಮರ್ಯಾದೆಯಲ್ಲ.

ಟೇಪು ಎಂದರೆ ನೀವು ಅಂಗೈ ಮೇಲೆ ಇಟ್ಟುಕೊಳ್ಳುವಂಥದ್ದನ್ನು ಊಹಿಸಬೇಡಿ. ಮಾವ ಪ್ರಾಯದಲ್ಲಿ ಮದುವೆ ಮನೆಗಳಿಗೆ ಸ್ಪೀಕರ್ ಹಾಕುತ್ತಿದ್ದರು. ಆ ಕಾಲದ ಸಾಮಾನೆಲ್ಲ ನಮ್ಮ ಪಡಸಾಲೆಯಲ್ಲೇ ಇದೆ. ಕಬ್ಬಿಣದ ಟ್ರಂಕಿನಷ್ಟು ತೂಕದ ಆಂಪ್ಲಿಫಾಯರು, ಅದರ ಮೇಲೆ ಕ್ಯಾಸೆಟ್ ಹಾಕುವ ಡೆಕ್ಕು, ಗೋಡೆಗೆ ಆನಿಸಿದ ಎರಡು ಕಟ್ಟಿಗೆಯ ಪೆಟ್ಟಿಗೆ, ಒಂದು ಮೈಕು. ಕೊಂಡ ದಿನದಿಂದ ಇವತ್ತಿನವರೆಗೆ ಅದರ ಒಂದು ಸ್ಕ್ರೂ ಬಿಚ್ಚಿಲ್ಲ. ಆಂಪ್ಲಿಫಾಯರಿನ ಒಳಗೆ ಗಾಜಿನ ವಾಲ್ವುಗಳಿವೆ. ಬಟನ್ ಒತ್ತಿದರೆ ಅವು ಕೆಂಪಗಾಗಿ ದನಿ ಹೊರಡುವಷ್ಟರಲ್ಲಿ ನಾನು ಹಿಟ್ಟು ನಾದಿ ಮುಗಿಸಿರುತ್ತೇನೆ. ಡೆಕ್ಕಿನೊಳಗಿನ ರಬ್ಬರ್ ಬೆಲ್ಟು ಜೋತುಬಿದ್ದಿದೆ. ಹಾಗಾಗಿ ಮುಂಜಾನೆಯ ತಂಪಿನಲ್ಲಿ ಯಾರೇ ಹಾಡಲಿ, ನೆಗಡಿಯಾದ ಕೋಣ ಹಾಡಿದಂತೆ ಕೇಳುತ್ತದೆ. ಡೆಕ್ಕಿನ ಮೈ ಬಿಸಿಯಾದ ಮೇಲೆ ಹಾಡುವವರು ನಿಧಾನಕ್ಕೆ ಮನುಷ್ಯರಾಗುತ್ತಾರೆ.

ಇನ್ನೊಂದು ಗುಣವಿದೆ. ಬರಿಗಾಲಲ್ಲಿ ನಿಂತು ಅದನ್ನು ಮುಟ್ಟಿದರೆ ಝುಮ್ಮೆಂದು ಶಾಕು ಹೊಡೆಯುತ್ತದೆ. ನಮ್ಮದು ನಿತ್ಯ ಲಿಂಗಪೂಜೆ ನಡೆಯುವ ಮನೆ. ಹೊಸ್ತಿಲ ಒಳಗೆ ಚಪ್ಪಲಿ ಬರುವಂತಿಲ್ಲ. ಜಿಲ್ಲೆಯ ಸಾಹೇಬರೇ ಬಂದರೂ ಬೂಟು ಬಿಚ್ಚಬೇಕು. ಆದರೆ ಟೇಪಿನ ಮುಂದೆ ಮಾತ್ರ ಒಂದು ಜೊತೆ ರಬ್ಬರ್ ಚಪ್ಪಲಿ ಸದಾ ಇರುತ್ತದೆ. ಹೊರಗಿನ ಮಣ್ಣು ಕಾಣದ, ಸೋಮವಾರಕ್ಕೊಮ್ಮೆ ತೊಳೆಸಿಕೊಳ್ಳುವ, ಮಡಿಯಲ್ಲಿರುವ ಚಪ್ಪಲಿ. ಅದಕ್ಕೆ ‘ಟೇಪಿನ ಚಪ್ಪಲಿ’ ಎಂದೇ ಹೆಸರು. ಹೊಸ ಸೊಸೆಯಾಗಿ ಬಂದಾಗ ನಾನು ಅದನ್ನು ಎತ್ತಿ ಹೊರಗಿಟ್ಟೆ. ಮಾವ ಬರಿಗಾಲಲ್ಲಿ ಹೋಗಿ ಬಟನ್ ಒತ್ತಿದರು. ಆಮೇಲೆ ಅವರು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ.

ರಿಪೇರಿಯ ಮಾತೆತ್ತಿದರೆ ಮಾವನಿಗೆ ಆಗುವುದಿಲ್ಲ. ಅವರ ಗೆಳೆಯರೊಬ್ಬರು ತಮ್ಮ ಟೇಪನ್ನು ಕೊಲ್ಲಾಪುರಕ್ಕೆ ಒಯ್ದು ಒಳಗಿನದ್ದೆಲ್ಲ ಹೊಸದು ಹಾಕಿಸಿಕೊಂಡು ಬಂದರಂತೆ. “ಆವಾಜ ಸ್ವಚ್ಛ ಆತು ಖರೆ. ಆದ್ರ ಹಾಡವರು ಬ್ಯಾರೇದವರು ಅನಸಾಕತ್ತಿತು,” ಎನ್ನುತ್ತಾರೆ ಮಾವ. ಒಮ್ಮೆ ನಮ್ಮವರು ಅವರಿಗೆ ಹೇಳದೆ ಮೆಕ್ಯಾನಿಕ್ ಒಬ್ಬನನ್ನು ಮನೆಗೇ ಕರೆತಂದರು. ಅವನು ಹಿಂದಿನ ಜಾಲರಿಯಲ್ಲಿ ಬ್ಯಾಟರಿಯ ಬೆಳಕು ಬಿಟ್ಟು ನೋಡಿ, “ಅಜ್ಜಾರ, ಒಳಗ ಎಲ್ಲಾ ಸತ್ತ ಹೋಗೈತಿ. ಇದು ನಡಿಯಾಕ ಸಾಧ್ಯನ ಇಲ್ರಿ,” ಎಂದ. ಆಗ ಅದು ಹಾಡುತ್ತಲೇ ಇತ್ತು. ಮಾವ ಅವನ ರಟ್ಟೆ ಹಿಡಿದು ಹೊರಗೆ ಕರೆದೊಯ್ದು, “ಮೆಲ್ಲಕ ಮಾತಾಡ ತಮ್ಮಾ. ಅದಕ್ಕ ಕೇಳಿಸೀತು,” ಎಂದರು.

ಇಂಥ ಟೇಪಿನಿಂದ ನಾನು ಬಿ.ಎ. ಮಾಡಿದೆ. ನನ್ನ ತವರು ಶಿರೋಳ ತಾಲೂಕಿನ ಅಕಿವಾಟ. ಅಲ್ಲಿ ನಮ್ಮ ಮನೆತನದಲ್ಲಿ, ಇಲ್ಲಿ ಗಂಡನ ಮನೆತನದಲ್ಲಿ, ಹತ್ತನೆಯ ತರಗತಿ ದಾಟಿದ ಮೊದಲನೆಯವಳು ನಾನೇ. ಇದನ್ನು ನಾನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಅಂಗನವಾಡಿಯಲ್ಲಿ ಸೇವಿಕೆಯಾಗಿದ್ದೇನೆ, ಮೇಲ್ವಿಚಾರಕಿಯ ಹುದ್ದೆಗೆ ಅರ್ಜಿ ಹಾಕಬೇಕಾದರೆ ಪದವಿ ಬೇಕು. ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಬಹುದು ಎಂದರು, ಇತಿಹಾಸ ತೆಗೆದುಕೊಂಡೆ. ಆದರೆ ನಮ್ಮೂರು ಮಹಾರಾಷ್ಟ್ರದ್ದು, ಪಾಠಗಳೆಲ್ಲ ಮರಾಠಿಯಲ್ಲಿ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುವಷ್ಟು ಮರಾಠಿ ನನಗಿತ್ತು. ಸಾಮ್ರಾಜ್ಯಗಳ ಪತನಕ್ಕೆ ಅದು ಸಾಲುತ್ತಿರಲಿಲ್ಲ. ಪುಸ್ತಕ ಹಿಡಿದು ಕೂರೋಣವೆಂದರೆ ಕೈ ಯಾವಾಗಲೂ ಹಿಟ್ಟಿನಲ್ಲಿ ಇಲ್ಲವೇ ಎಮ್ಮೆಯ ಕೆಚ್ಚಲಲ್ಲಿ. ಬಿಡುವಿದ್ದದ್ದು ಕಿವಿಗೆ ಮಾತ್ರ.

ಮೊಬೈಲಿನಲ್ಲಿ ಕೇಳಬಾರದಿತ್ತೇ ಎಂದು ನೀವು ಕೇಳುತ್ತೀರಿ. ಕೇಳಿ ನೋಡಿದೆ. ಒಂದು ರಾಜ್ಯ ಸ್ಥಾಪನೆಯಾಗುವಷ್ಟರಲ್ಲಿ ಜಯಸಿಂಗಪುರದಿಂದ ನಾದಿನಿಯ ಫೋನು ಬರುತ್ತಿತ್ತು. ಅವಳ ಮಾತು ಮುಗಿಯುವಷ್ಟರಲ್ಲಿ ಆ ರಾಜ್ಯ ನನ್ನ ತಲೆಯಿಂದ ಅಳಿದುಹೋಗಿರುತ್ತಿತ್ತು. ಟೇಪಿಗೆ ಯಾರೂ ಫೋನ್ ಮಾಡುವುದಿಲ್ಲ. ಅದೂ ಅಲ್ಲದೆ ಅದರ ದನಿ ಅಡುಗೆಮನೆ ದಾಟಿ ಹಿತ್ತಿಲ ಎಮ್ಮೆಯವರೆಗೂ ಮುಟ್ಟುತ್ತದೆ. ಮಾವನ ಹತ್ತಿರ ಕ್ಯಾಸೆಟ್ಟುಗಳೂ ರಾಶಿ ಇದ್ದವು. ನಾನು ಅಂಜುತ್ತಲೇ ಕೇಳಿದೆ. ಅವರು ಬಹಳ ಹೊತ್ತು ಟೇಪನ್ನೇ ನೋಡಿ, “ಬಟನ್ ನಾನ ಒತ್ತಾಂವ. ನೀ ಕೈ ಹಚ್ಚಂಗಿಲ್ಲ,” ಎಂದರು. ಒಪ್ಪಿದೆ.

ಪಾಠ ಓದಿ ಕ್ಯಾಸೆಟ್ಟಿಗೆ ತುಂಬುವ ಕೆಲಸ ನಮ್ಮವರದು. ಅವರು ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಜಾಬರ್, ಕೆಟ್ಟ ಮಗ್ಗ ಸರಿಮಾಡುವವರು. ವಾರದ ರಜೆಗೆ ಊರಿಗೆ ಬರುತ್ತಾರೆ. ಯಂತ್ರಮಗ್ಗಗಳ ಖಟಖಟದಲ್ಲಿ ವರ್ಷಗಟ್ಟಲೆ ದುಡಿದವರಿಗೆ ಮೆಲ್ಲನೆ ಮಾತನಾಡುವುದು ಮರೆತೇ ಹೋಗಿರುತ್ತದೆ. ಉಪ್ಪು ಕೊಡು ಎಂದರೂ ಪಕ್ಕದ ಓಣಿಯವರು ಉಪ್ಪು ಹುಡುಕುತ್ತಾರೆ. ಅಂಥವರು ಮೈಕಿನ ಮುಂದೆ ಕುಳಿತು ಇತಿಹಾಸ ಓದಿದರು. ಮರುದಿನ ಟೇಪು ಹಚ್ಚಿದಾಗ ಪಕ್ಕದ ಮನೆಯ ಅಕ್ಕಾತಾಯಿ ಓಡೋಡಿ ಬಂದಳು. “ಏನಾತ ಸುರೇಖಾ? ನಿನ್ನ ಗಂಡ ಯಾಕ ಮರಾಠಿಯೊಳಗ ಬೈಯಾಕತ್ತಾನ?”

“ಬೈಯಾಕತ್ತಿಲ್ಲ ಕಾಕೂ, ಜಮೀನ ಕಂದಾಯದ ಬಗ್ಗೆ ಹೇಳಾಕತ್ತಾರ.”

“ಹಂಗಾರ ಇನ್ನೂ ಕೆಟ್ಟ,” ಎಂದು ಅವಳು ಅಲ್ಲೇ ಕುಳಿತಳು.

ಟೇಪು ಪ್ರತಿ ಪಾಠದಲ್ಲೂ ಗೊತ್ತಾದ ಒಂದು ಜಾಗದಲ್ಲಿ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಆಗ ಮಾವ ಎದ್ದು, ಚಪ್ಪಲಿ ಮೆಟ್ಟಿ, ಅದರ ಎಡ ಪಕ್ಕೆಗೆ ಅಂಗೈ ಅಗಲಿಸಿ ಎರಡು ಬಡಿಯುತ್ತಿದ್ದರು. ಪಾಠ ಮುಂದೆ ಹೋಗುತ್ತಿತ್ತು. ಬಡಿಯಲು ಬೇರೆಯವರಿಗೆ ಅವಕಾಶವಿರಲಿಲ್ಲ. ಅದಕ್ಕೆ ಅವರ ಕೈಯೇ ಆಗಬೇಕು. ಹೀಗಾಗಿ ನಾನು ಅಡುಗೆಮನೆಯಲ್ಲಿ ಕೇಳಿದ ಪಾಠವನ್ನೆಲ್ಲ ಅವರು ಪಡಸಾಲೆಯಲ್ಲಿ ಕೇಳಬೇಕಾಯಿತು. ಮೊದಲ ವರ್ಷ ಒಂದು ಪೇಪರಿನಲ್ಲಿ ನಾನು ನಪಾಸಾದೆ. “ಹೇಳಿರಲಿಲ್ಲೇನು?” ಎಂದರು ಮಾವ. ಮರುದಿನ ಮುಂಜಾನೆ ನಾನು ಒಲೆ ಹಚ್ಚುವ ಮೊದಲೇ ಪಡಸಾಲೆಯಲ್ಲಿ ಅದೇ ಪೇಪರಿನ ಪಾಠ ಕೋಣನ ದನಿಯಲ್ಲಿ ಶುರುವಾಗಿತ್ತು. ನಾನು ಹಚ್ಚಿರಿ ಎಂದಿರಲಿಲ್ಲ.

ಕೊನೆಯ ವರ್ಷ ಒಂದು ದಿನ ಕರೆಂಟು ಹೋಗಿತ್ತು. ನಾನು ರೊಟ್ಟಿ ಬಡಿಯುತ್ತ ನನಗೆ ನಾನೇ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ನಡುವೆ ಮರೆತು ನಿಂತೆ. ಪಡಸಾಲೆಯಿಂದ ಮುಂದಿನ ವಾಕ್ಯ ಬಂತು, ಶುದ್ಧ ಪುಸ್ತಕದ ಮರಾಠಿಯಲ್ಲಿ, ನಮ್ಮವರ ಅದೇ ಮಗ್ಗದ ಗಂಟಲಿನಲ್ಲಿ. ಕರೆಂಟು ಬಂತೆಂದು ದೀಪ ನೋಡಿದೆ. ಬಂದಿರಲಿಲ್ಲ. ಹೊರಗೆ ಬಂದರೆ ಮಾವ ಒಬ್ಬರೇ ಕುಳಿತಿದ್ದಾರೆ.

“ಮಾವಾರ, ನೀವೂ ಕಲತೀರೇನ್ರಿ?”

“ನಾ ಯಾಕ ಕಲೀಲಿ? ನಾ ಟೇಪ್ ಕಾಯಾಕತ್ತೇನಿ,” ಎಂದು ಮುಖ ಆಚೆ ತಿರುಗಿಸಿದರು.

ಬರೆಯುವ ಪರೀಕ್ಷೆಗಳು ಹೇಗೋ ದಾಟಿದವು. ಉಳಿದದ್ದು ಕೊಲ್ಲಾಪುರದಲ್ಲಿ ಬಾಯಿ ಪರೀಕ್ಷೆ. ಅದರಲ್ಲಿ ಹೋದರೆ ಪದವಿ ಹೋಯಿತು, ಹುದ್ದೆಯ ಅರ್ಜಿಯೂ ಹೋಯಿತು. ಅದಕ್ಕಿಂತ ದೊಡ್ಡ ಸಂಕಟ, ನಾನು ಏನು ಓದುತ್ತಿದ್ದೇನೆಂದು ಇಡೀ ಓಣಿಗೆ ಗೊತ್ತಿತ್ತು. ಅವರೂ ದಿನಾ ಕೇಳಿದ್ದರಲ್ಲ! ಹೊರಡುವಾಗ ಅಕ್ಕಾತಾಯಿ ಕೈಯಲ್ಲಿ ಸಕ್ಕರೆ ಇಟ್ಟು, “ಕಂದಾಯ ಮಾತ್ರ ಬಿಡಬ್ಯಾಡ, ಅದು ಬರತೈತಿ ನೋಡ,” ಎಂದು ಸಲಹೆ ಕೊಟ್ಟಳು.

ಒಳಗೆ ಇಬ್ಬರು ಪರೀಕ್ಷಕರಿದ್ದರು, ಒಬ್ಬ ಸರ್, ಒಬ್ಬರು ಮೇಡಂ. ಮೇಜಿನ ಮೇಲೆ ಚಹಾದ ಗ್ಲಾಸುಗಳು. ಇಚಲಕರಂಜಿಯಲ್ಲಿ ಕೈಮಗ್ಗ ಹಿಂದೆ ಬಿದ್ದು ಯಂತ್ರಮಗ್ಗ ಬಂದದ್ದಕ್ಕೆ ಕಾರಣಗಳೇನು ಎಂದು ಸರ್ ಕೇಳಿದರು. ನನಗೆ ಬಾಯಿಪಾಠವಿದ್ದ ಪಾಠ. ಬಾಯಿ ತೆರೆದೆ. ನಾನು ಪುಸ್ತಕದ ಮರಾಠಿ ಕಲಿತದ್ದೇ ನಮ್ಮವರ ಗಂಟಲಿನಿಂದ ಎಂಬುದು ನನಗೆ ಹೊಳೆದದ್ದು ಆಗ. ಕಿಟಕಿಯ ಮೇಲಿದ್ದ ಪಾರಿವಾಳ ಹಾರಿಹೋಯಿತು. ಮೇಡಂ ಕುರ್ಚಿ ಹಿಂದೆ ಸರಿಸಿ, “ಬಾಯಿ, ಆಮ್ಹಿ ಇಥಂಚ ಆಹೋತ,” ಎಂದರು. ನಾವು ಇಲ್ಲೇ ಇದ್ದೇವಮ್ಮ ಎಂದು. ದನಿ ಇಳಿಸಲು ನೋಡಿದೆ. ಇಳಿಸಿದರೆ ಮರಾಠಿಯೂ ಜೊತೆಗೇ ಇಳಿದು ಹೋಗುತ್ತಿತ್ತು. ಮತ್ತೆ ಏರಿಸಿದೆ.

ನೂಲು ಹೇಳಿದೆ, ಪೇಟೆ ಹೇಳಿದೆ, ವಿದ್ಯುತ್ ಎಂಬಲ್ಲಿಗೆ ಬಂದೆ. ನಿಂತೆ. ಟೇಪು ದಿನಾ ನಿಲ್ಲುತ್ತಿದ್ದ ಜಾಗವೇ ಅದು. ಮುಂದಿನ ಶಬ್ದ ನಾಲಿಗೆಯ ಹಿಂದೆಯೇ ಇದೆ, ಬರುತ್ತಿಲ್ಲ. ಇಬ್ಬರೂ ನನ್ನನ್ನೇ ನೋಡುತ್ತಿದ್ದಾರೆ. ಸರ್ ಪೆನ್ನು ಎತ್ತಿಕೊಂಡರು. ನನ್ನ ಮೂರು ವರ್ಷದ ಇತಿಹಾಸ ಆ ಪೆನ್ನಿನ ತುದಿಯಲ್ಲಿತ್ತು. ಆಗ ನನ್ನ ಕೈ, ನನ್ನನ್ನು ಕೇಳದೆ, ಮೇಜಿನ ಎಡ ಪಕ್ಕೆಗೆ ಅಂಗೈ ಅಗಲಿಸಿ ಎರಡು ಬಡಿಯಿತು.

ಗ್ಲಾಸುಗಳು ಕುಣಿದವು. ಚಹಾ ಸರ್ ಅವರ ತೋಳಿಗೆ ಹಾರಿತು. ಮತ್ತು ನನ್ನ ಬಾಯಿಂದ, ಆಣೆ ಮಾಡಿ ಹೇಳುತ್ತೇನೆ, ಉತ್ತರ ಹೊರಟಿತು. ಎಲ್ಲೂ ತಡೆಯದೆ ಕೊನೆಯ ಕಾರಣದವರೆಗೂ ಹೋಗಿ, ಕ್ಯಾಸೆಟ್ಟಿನ ಕೊನೆಯಲ್ಲಿ ನಮ್ಮವರು ಹೇಳಿದ್ದ “ಮುಗೀತು, ಚಹಾ ತಾ” ಎಂಬುದನ್ನೂ ಕನ್ನಡದಲ್ಲೇ ಹೇಳಿ ನಿಂತಿತು.

ಸರ್ ತೋಳು ಒರೆಸಿಕೊಳ್ಳುತ್ತ ಇದೇನೆಂದು ಕೇಳಿದರು. ಮುಚ್ಚಿಡಲು ಇನ್ನೇನು ಉಳಿದಿತ್ತು? ಟೇಪು, ಬೆಲ್ಟು, ಚಪ್ಪಲಿ, ಮಾವ, ಎಲ್ಲ ಹೇಳಿದೆ. ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸರ್ ಎರಡೂ ಗ್ಲಾಸು ಎತ್ತಿ ಕಿಟಕಿಯಲ್ಲಿಟ್ಟು, “ಹೂಂ, ಈಗ ಎರಡನೆಯ ಪ್ರಶ್ನೆ,” ಎಂದರು. ಎರಡನೆಯದು ಕಂದಾಯ. ಅಕ್ಕಾತಾಯಿಯ ಬಾಯಿಗೆ ಸಕ್ಕರೆ ಹಾಕಬೇಕು.

ಪಾಸಾದೆ. ಸರ್ಟಿಫಿಕೇಟು ಕೈಗೆ ಬಂದ ದಿನ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ತಂದೆ. ಪಕ್ಕದಲ್ಲಿ ಕುಳಿತವರಿಗೂ ಕಾಣುವಂತೆ ಇಟ್ಟುಕೊಂಡಿದ್ದೆ ಎಂದರೆ ನೀವು ತಪ್ಪು ತಿಳಿಯಬಾರದು. ಮನೆಯಲ್ಲಿ ಮಾವ ಟೇಪಿನ ಪಕ್ಕ ಕುಳಿತಿದ್ದರು. ಅವತ್ತು ಅದರಲ್ಲಿ ಪಾಠವಿರಲಿಲ್ಲ, ಹಾಡೂ ಇರಲಿಲ್ಲ, ಸುಮ್ಮನೆ ಬಿಸಿಯಾಗುತ್ತಿತ್ತು. ಸರ್ಟಿಫಿಕೇಟು ಮುಂದೆ ಹಿಡಿದೆ. ಅವರು ಕಾಲಲ್ಲಿ ತಡಕಾಡಿ ಟೇಪಿನ ಚಪ್ಪಲಿ ಮೆಟ್ಟಿಕೊಂಡರು. ಆಮೇಲೆ ಸರ್ಟಿಫಿಕೇಟನ್ನು ಎರಡೂ ಕೈಯಿಂದ ತೆಗೆದುಕೊಂಡು, ಬೆರಳಿಟ್ಟು ಒಂದೊಂದೇ ಅಕ್ಷರ ಓದತೊಡಗಿದರು.

ಓದುತ್ತ ಕೊನೆಯ ಸಾಲಿಗೆ ಬಂದು ಸಿಕ್ಕಿಕೊಂಡರು. ಬೆರಳು ಅಲ್ಲೇ ನಿಂತಿತು. ಆಗುವುದಿಲ್ಲ ಎಂದವರ ಬಾಯಿಂದ ಒಂದು ಮಾತು ಕೇಳಬೇಕೆಂದು ನಾನು ಎಷ್ಟು ದಿನದಿಂದ ಕಾದಿದ್ದೆ! ಇತಿಹಾಸದ ಪದವೀಧರೆ ನಾನು, ಎದುರಿಗೆ ಸಿಕ್ಕಿಕೊಂಡು ನಿಂತ ಮಾವ. ಎಡ ಪಕ್ಕೆಗೆ ಎರಡು ಬಡಿದರೆ ಸರಿಹೋಗುತ್ತಿತ್ತೇನೋ. ನನ್ನ ಕೈ ಆಗಲೇ ಎದ್ದಿತ್ತು ಕೂಡ. ಸೆರಗು ಸರಿಮಾಡಿಕೊಳ್ಳುವವಳಂತೆ ಇಳಿಸಿದೆ.

ಅಷ್ಟರಲ್ಲಿ ಅವರೇ ಗಂಟಲು ಸರಿಪಡಿಸಿಕೊಂಡರು.

“ನಿನ್ನ ಹೆಸರ ಐತಿ, ನನ್ನ ಮಗನ ಹೆಸರ ಐತಿ, ಅಡ್ಡಹೆಸರೂ ಐತಿ. ಟೇಪಿನ ಹೆಸರ ಮಾತ್ರ ಬಿಟ್ಟಾರ ನೋಡ. ಇರ್ಲಿ ತಗೋ ಯವ್ವಾ, ಎಂ.ಎ.ದಾಗ ಹೇಳಿ ಹಾಕ್ಸು.”