ವರ್ಷತೊಡಕಿನ ಬಾಡನ್ನು ನಾನು ಬುದ್ಧಿವಂತಿಕೆಯಿಂದ ಕಳೆದದ್ದು

ಜೂಜಾಡಿ ಹಾಳಾದವರೆಲ್ಲ ದಡ್ಡರು, ಬುದ್ಧಿ ಉಪಯೋಗಿಸಿ ಆಡುವವನಿಗೆ ಯಾವ ಅಪಾಯವೂ ಇಲ್ಲ ಎಂಬ ಮಹತ್ವದ ಸಂಗತಿ ಕಳೆದ ಯುಗಾದಿಗೆ ಮುಂಚೆ ನನಗೆ ಮೊಬೈಲಿನಿಂದ ತಿಳಿಯಿತು. ನಾನು ಓದಿದ್ದು ಏಳನೇ ಕ್ಲಾಸು. ಗುಬ್ಬಿಯ ಮಂಡಿಯೊಂದರಲ್ಲಿ ಕೊಬ್ಬರಿ ಚೀಲ ಹೊಲಿಯುತ್ತೇನೆ. ಮೇಷ್ಟ್ರು ಹೇಳಿದ್ದು ಒಂದೂ ತಲೆಗೆ ಹತ್ತದವನಿಗೆ ವಿಡಿಯೋದ ಮನುಷ್ಯ ಹೇಳಿದ್ದು ಪೂರ್ತಿ ಬಾಯಿಪಾಠವಾಯಿತು. ಎಷ್ಟು ಸೋಲಬಹುದೆಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಅಷ್ಟು ದುಡ್ಡನ್ನಷ್ಟೇ ಜೇಬಿನಲ್ಲಿಡಬೇಕು. ಅದು ಮುಗಿದ ಕೂಡಲೇ ಏಳಬೇಕು.

ಹಬ್ಬಕ್ಕೆ ಅಮೃತೂರಿನ ಅಕ್ಕನ ಮನೆಗೆ ಹೋಗಿದ್ದೆ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಈ ಜಯಕ್ಕ. ಅವಳ ಮಗಳ ಮದುವೆಯಾದ ಮೇಲೆ ಅದೇ ಮೊದಲ ಯುಗಾದಿ. ಮಾರನೆಯ ದಿನ ವರ್ಷತೊಡಕಿನ ಬಾಡೂಟಕ್ಕೆ ತುಮಕೂರಿನ ಸದಾಶಿವನಗರದಿಂದ ಮಗಳು, ಹೊಸ ಅಳಿಯ ಬರುವವರಿದ್ದರು. ಅಕ್ಕ ಬೆಳಿಗ್ಗೆಯೇ ಮಸಾಲೆ ರುಬ್ಬಿಟ್ಟು, ಊರವರು ಸೇರಿ ಕಡಿದ ಕುರಿಯಲ್ಲಿ ನಮ್ಮ ಪಾಲು ತರಲು ನನ್ನನ್ನು ಕಳಿಸಿದಳು.

"ಸೀದಾ ಹೋಗಿ ಸೀದಾ ಬಾ. ಇಸ್ಪೀಟ್ ಆಡೋರ ಕಡೆ ತಿರುಗೂ ನೋಡ್ಬೇಡ ಕಣೋ."

ನಾನು ತಿರುಗಿ ನೋಡಲಿಲ್ಲ. ಬಾಡಿನ ಬ್ಯಾಗು ಹಿಡಿದು ಬರುವಾಗ ಹೊಂಗೆ ಮರದ ಕೆಳಗಿನ ಆಟ ಎದುರಿಗೇ ಕಾಣುತ್ತಿತ್ತು!

ಕೂತೆ. ನಡೆಯುತ್ತಿದ್ದದ್ದು ಅಂದರ್-ಬಾಹರ್. ಎಲೆ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಎಂದು ಬಾಜಿ ಕಟ್ಟುವುದಷ್ಟೇ. ಇದರಲ್ಲಿ ಬುದ್ಧಿಗೆ ಕೆಲಸವೇ ಇಲ್ಲವೆಂದು ಹೊಳೆಯುವುದಕ್ಕೂ ಬುದ್ಧಿ ಬೇಕಲ್ಲ. ಜೇಬು ಖಾಲಿಯಾಯಿತು. ಶಾಸ್ತ್ರದ ಪ್ರಕಾರ ತಕ್ಷಣ ಎದ್ದೆ. ದುಡ್ಡಿಗೊಂದು ಮಿತಿ ಇರಬೇಕೆಂದು ಎಲ್ಲರಿಗೂ ಸಣ್ಣ ಭಾಷಣ ಮಾಡಿದೆ.

ಆಟ ನಡೆಸುತ್ತಿದ್ದ ಕೆಂಪಣ್ಣ ಗೌರವದಿಂದ ಕೇಳಿಸಿಕೊಂಡ. "ಸರಿ ಕಣಪ್ಪ, ದುಡ್ಡಿಗೆ ಮಿತಿ. ಕೈಲಿರೋ ವಾಚಿಗೆ?"

ವಿಡಿಯೋದವನು ವಾಚಿನ ವಿಷಯ ಹೇಳಿರಲಿಲ್ಲ. ಕೂತೆ. ವಾಚು ಹೋಯಿತು. ಬಾಡಿನ ವಿಷಯವನ್ನಂತೂ ಅವನು ಎತ್ತಿಯೇ ಇರಲಿಲ್ಲ.

ಬಾಡೂ ಹೋಯಿತು.

ಬರಿಗೈಯಲ್ಲಿ ಹಿತ್ತಲ ಬಾಗಿಲಿಂದ ಬಂದೆ. ಅಕ್ಕನ ಮುಂದೆ ಸುಳ್ಳು ಹೇಳಲಾಗದೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ರುಬ್ಬಿದ ಮಸಾಲೆಯ ಕಡೆ ಒಮ್ಮೆ ನೋಡಿ, ಮೊಳಕೆ ಬಂದ ಹುರುಳಿಕಾಳು ತೆಗೆದು ಒಲೆಗಿಟ್ಟಳು. ಬೈದಿದ್ದರೆ ಒಳ್ಳೆಯದಿತ್ತು. ಹೊಸ ಅಳಿಯನ ಮುಂದೆ ಅವಳ ಮರ್ಯಾದೆ ಹೋಗುವುದು ನನ್ನಿಂದಲೇ.

ಮಧ್ಯಾಹ್ನ ಹೊಸ ಅಳಿಯಂದಿರು ಹೆಂಡತಿಯೊಂದಿಗೆ ಬಂದು ಊಟಕ್ಕೆ ಕೂತರು. ಘಮಘಮಿಸುವ ಸಾರಿನಲ್ಲಿ ಬೆರಳಾಡಿಸಿ ತುಂಡು ಹುಡುಕಿದರು. ಕಾಳು ಸಿಕ್ಕಿತು. ಮತ್ತೆ ಹುಡುಕಿದರು. ಮತ್ತೂ ಕಾಳು. ಆಗ ಅಕ್ಕ ತಣ್ಣಗೆ ಹೇಳಿದಳು:

"ನಮ್ ತಮ್ಮ ಬಾಡು ಬಿಟ್ಟವ್ನೆ. ನೀವಿಬ್ರೂ ಚೆನ್ನಾಗಿರ್ಲಿ ಅಂತ ಒಂದು ವರ್ಷಕ್ಕೆ ಹರಕೆ ಕಟ್ಕೊಂಡವ್ನೆ. ಅವ್ನ್ ಬಿಟ್ಟು ನಾವೆಂಗೆ ತಿನ್ನೋದು?"

ಅಳಿಯಂದಿರು ಎಂಜಲು ಕೈಯಲ್ಲೇ ನನಗೆ ನಮಸ್ಕಾರ ಮಾಡಿದರು!

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಸಂತನಾಗಿ ಗುಬ್ಬಿ ಸೇರುತ್ತಿದ್ದೆ. ಸಾಯಂಕಾಲ ಕೆಂಪಣ್ಣ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತ. ಯಾರ ಮನೆಯ ಬಾಡೆಂದು ತಿಳಿದ ಅವನ ಹೆಂಡತಿ ಅದನ್ನು ಒಲೆಯ ಹತ್ತಿರಕ್ಕೂ ಬಿಟ್ಟಿರಲಿಲ್ಲವಂತೆ. "ಅಕ್ಕಾ, ನಿಮ್ ಬ್ಯಾಗು ಮರ್ತು ನಮ್ಮನೆಗ್ ಬಂದ್ಬುಟ್ಟಿತ್ತು," ಎಂದು ನೆಲ ನೋಡುತ್ತಾ ಹೇಳಿದ.

ಮನೆಗೆ ಬಂದ ಬಾಡನ್ನು ಬಿಸಾಡಬಾರದು, ಹರಕೆ ತಮ್ಮನೊಬ್ಬನದು ಎಂದು ಅಕ್ಕ ತೀರ್ಪು ಕೊಟ್ಟಳು. ರಾತ್ರಿ ಬಾಡೂಟವಾಯಿತು. ನನಗೆ ಮಾತ್ರ ಮಧ್ಯಾಹ್ನದ ಹುರುಳಿ ಸಾರು. ಅಳಿಯಂದಿರು ನನ್ನ ಪಕ್ಕದಲ್ಲೇ ಕೂತು ನನ್ನ ಹರಕೆಗೆ ಕಾವಲು ನಿಂತರು. "ಅತ್ತೆ, ಆ ಸೌಟು ಮಾವನಿಗೆ ಬೇಡ. ಬೇರೆ ಸೌಟು ತಗೊಳ್ಳಿ."

ಅಕ್ಕ ಬೇರೆ ಸೌಟು ತಂದಳು. ನನ್ನ ತಟ್ಟೆಗೆ ಮುದ್ದೆಯನ್ನು ತಾನೇ ಕಟ್ಟಿ ಇಟ್ಟಳು. ಮುರಿದೆ. ಒಳಗೆ ಬೆರಳಿಗೆ ಏನೋ ಮೆತ್ತಗೆ ತಗುಲಿತು. ಬಾಡಿನ ತುಂಡು! ತಲೆ ಎತ್ತಿದೆ. ಅಕ್ಕ ಬೇರೆ ಕಡೆ ನೋಡುತ್ತಿದ್ದಳು.

ಆದರೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಅಗಿದರೆ ಅಳಿಯಂದಿರಿಗೆ ಅನುಮಾನ ಬರುತ್ತದೆ. ಅವರು ನನ್ನ ಬಾಯನ್ನೇ ಭಕ್ತಿಯಿಂದ ನೋಡುತ್ತಿದ್ದರು. ನಾನು ಆ ತುಂಡನ್ನು ರುಚಿ ನೋಡದೆ ಇಡಿಯಾಗಿ ನುಂಗಿದೆ. ಅದು ಗಂಟಲಲ್ಲಿ ನಿಂತಿತು. ಕಣ್ಣಲ್ಲಿ ಧಾರಾಕಾರವಾಗಿ ನೀರು ಬಂತು.

"ಮಾವ ದೇವರನ್ನ ನೆನೆಸ್ಕೊಂಡ್ರು," ಎಂದರು ಅಳಿಯಂದಿರು. ಅಕ್ಕ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅದು ತುಂಡು ಇಳಿಯಲೆಂದೋ, ಬೆಳಗಿನ ಬಾಕಿಯೋ ಕೇಳಲು ಧೈರ್ಯವಾಗಲಿಲ್ಲ.