ಮೆತ್ತೆ ಕಟ್ಟಿದ ಸೈಕಲ್ಲು

ಎಲ್ಲ ಅನಾಹುತಕ್ಕೂ ಮೂಲ ಹೆಂಡತಿ ಹೊಲಿದುಕೊಟ್ಟ ಆ ಹತ್ತಿಯ ಮೆತ್ತೆ. ಸೈಕಲ್ ಸೀಟಿನ ಮೇಲೆ ಕಟ್ಟಿಕೊಂಡರೆ ಗಂಡನಿಗೆ ನೋವಾಗದು ಎಂದು ಪಾಪ, ಅವಳು ಹೊಲಿದಿದ್ದಳು. ಗೋದಾಮಿನ ಗುಮಾಸ್ತನಿಗೆ ಕೂರುವ ಜಾಗದ ಚಿಂತೆ ಇರಲೇ ಇಲ್ಲ. ಇದ್ದದ್ದು ಜೀವದ ಚಿಂತೆ. ಸ್ಟೂಲು ಹತ್ತಿ ಬಲ್ಬು ಬದಲಾಯಿಸುವಾಗಲೂ "ಹಿಡ್ಕೊಂಡಿದೀಯೇನೇ? ಬಿಟ್ಬಿಟ್ಟೀಯಾ ಮತ್ತೆ!" ಎಂದು ಕೂಗುವ ಪ್ರಾಣಿ ಅದು.

ಅಂಥವನು ಆಫೀಸಿನವರ ಜೊತೆ ಬೆಟ್ಟದ ಸೈಕಲ್ ಪ್ರವಾಸಕ್ಕೆ ಹೊರಟದ್ದು ಒಂದು ಕುರ್ಚಿಯ ಆಸೆಗೆ. ಹೆಡ್ ಗುಮಾಸ್ತರ ಜಾಗ ಖಾಲಿಯಾಗಿತ್ತು. "ಬೆಟ್ಟ ಇಳಿಯೋಕೆ ಧೈರ್ಯ ಇಲ್ದೋನು ಗೋದಾಮು ಏನ್ರೀ ನಡೆಸ್ತಾನೆ?" ಎಂದು ಸೈಕಲ್ ಹುಚ್ಚಿನ ಮ್ಯಾನೇಜರು ಎಲ್ಲರೆದುರು ಅಂದುಬಿಟ್ಟಿದ್ದರು. ಪ್ರವಾಸಕ್ಕೂ ಅವರದೇ ಕಾನೂನು: ಹಿಂದೆ ಬರುವ ವ್ಯಾನಿನಲ್ಲಿ ಕೂರಬೇಕಾದರೆ ಸೈಕಲ್ಲು ಕೆಟ್ಟಿರಬೇಕು. ಮನುಷ್ಯ ಕೆಟ್ಟರೆ ನಡೆಯದು.

ಹತ್ತುವುದನ್ನೇನೋ ಅವನು ತಳ್ಳಿಕೊಂಡಾದರೂ ಮುಗಿಸಿದ. ತುದಿಯ ಚಹಾದಂಗಡಿಯ ಮುಂದೆ ನಿಂತು ಕೆಳಗೆ ಬಗ್ಗಿ ನೋಡಿದ್ದೇ ತಡ, ಸೈಕಲ್ಲನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ಎಳೆದುಕೊಂಡ. ಸುತ್ತಿ ಸುತ್ತಿ ಇಳಿಯುವ ರಸ್ತೆ. ಅದರ ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಏನೂ ಇಲ್ಲ.

"ಏನಣ್ಣಾ, ಮುಖ ಸುಣ್ಣ ಬಳಿದ ಹಾಗಿದೆ?" ಎಂದಳು ಟೈಪಿಸ್ಟು.

"ಗಾಳಿ ಮೇಡಂ. ಬೆಟ್ಟದ ಗಾಳಿ."

ಎಲ್ಲರೂ ಚಹಾಕ್ಕೆ ಒಳಗೆ ಹೋದರು. ಗುಮಾಸ್ತನ ತಲೆಯಲ್ಲಿ ಉಪಾಯ ಮಿಂಚಿತು. ವ್ಯಾನಿನಿಂದ ಒಂದು ಸ್ಪ್ಯಾನರ್ ಎಗರಿಸಿ, ತನ್ನ ಸೈಕಲ್ಲಿನ ಎರಡೂ ಬ್ರೇಕಿನ ನಟ್ಟು ಸಡಿಲಿಸಿ, ಸ್ಪ್ಯಾನರನ್ನು ಜೇಬಿಗಿಳಿಸಿದ. ಹಿಡಿ ಅದುಮಿದರೆ ಸುಮ್ಮನೆ ಒಳಕ್ಕೆ ಹೋಯಿತು. ಇನ್ನೇನು, ವ್ಯಾನೇ ಗತಿ! ಅಂಗಡಿಯ ಹಿಂದೆ ಹೋಗಿ ಮುಖ ತೊಳೆದುಕೊಳ್ಳುತ್ತ, "ಸಾರ್, ಬ್ರೇಕು ಹೋಗಿದೆ. ಇಳಿಯೋ ಆಸೆ ನಂಗೆ ತುಂಬಾ ಇತ್ತು" ಎಂದು ಅಳುಮುಖದಲ್ಲಿ ಅಭ್ಯಾಸ ಮಾಡಿಕೊಂಡ.

ತಿರುಗಿ ಬಂದರೆ ವ್ಯಾನಿನ ಮೆಕ್ಯಾನಿಕ್ಕು ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಮ್ಯಾನೇಜರು ಗುಮಾಸ್ತನ ಸೈಕಲ್ಲನ್ನು ಇಳಿಜಾರಿನ ಬಾಯಿಗೆ ತಂದು ನಿಲ್ಲಿಸಿ, ಮೆತ್ತೆ ಒತ್ತಿ ನೋಡುತ್ತಿದ್ದರು.

"ನನ್ನ ಸೀಟು ಕಲ್ಲು ಕಣ್ರೀ. ಇಳಿಯೋದು ನಾನು ಇದ್ರಲ್ಲೇ. ನೀವು ನನ್ನದು ತಗೊಳ್ಳಿ" ಎಂದು ಕಾಲೆತ್ತಿಯೇಬಿಟ್ಟರು.

ಅಯ್ಯಯ್ಯೋ, ಕೊಲೆ! ಗುಮಾಸ್ತ ಹೇಳಬೇಕಾಗಿದ್ದದ್ದು ಬ್ರೇಕಿಲ್ಲ ಎಂದು. ಬಾಯಿಂದ ಹೊರಬಿದ್ದದ್ದು ಮಾತ್ರ, "ಬೇಡ ಸಾರ್! ಅದು ನನ್ನ ಹೆಂಡ್ತಿ ಹೊಲಿದಿದ್ದು!" ಓಡಿಬಂದು ಸೈಕಲ್ಲನ್ನು ಕಸಿದು ಮೆತ್ತೆಯ ಮೇಲೆ ತಾನೇ ಕೂತುಬಿಟ್ಟ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಬ್ಬಬ್ಬಾ, ಏನ್ ಪ್ರೀತಿ! ಹಾಗಾದ್ರೆ ನೀವೇ ಮೊದ್ಲು ಹೊರಡಿ" ಎಂದು ಮ್ಯಾನೇಜರು ಬೆನ್ನಿಗೊಂದು ನೂಕು ಕೊಟ್ಟರು.

ಸೈಕಲ್ಲು ಹೊರಟಿತು. ಇಲ್ಲದ ಬ್ರೇಕನ್ನು ಯಾರು ಹಿಡಿಯುತ್ತಾರೆ? ಅವನು ಹ್ಯಾಂಡಲ್ಲನ್ನು ಮಾತ್ರ ಅಪ್ಪಿಕೊಂಡ. ಮೊದಲ ತಿರುವಿನಲ್ಲಿ ಚಕ್ರ ಅಂಚಿಗೆ ಸರಿದು ಒಂದು ಕಲ್ಲನ್ನು ಹಾರಿಸಿತು. ಆ ಕಲ್ಲು ಕೆಳಗೆ ಬಿದ್ದ ಸದ್ದು ಬರಲೇ ಇಲ್ಲ.

"ಸತ್ತೆ ಕಣೇ!" ಎಂದು ಊರಿನಲ್ಲಿದ್ದ ಹೆಂಡತಿಗೆ ಕೇಳುವಂತೆ ಕಿರುಚಿದ. ತುಟಿಯಲ್ಲಿ ಸೂಜಿ ಕಚ್ಚಿಕೊಂಡು "ಹುಷಾರು ರೀ" ಎಂದಿದ್ದ ಅವಳ ಮುಖ ಕಣ್ಣಿಗೆ ಕಟ್ಟಿತು. ಎದುರಿಗೆ ಲಾರಿ. ಅದಕ್ಕೂ ಬಂಡೆಗೂ ನಡುವೆ ಹೇಗೆ ನುಸುಳಿದನೋ ಅವನಿಗೇ ತಿಳಿಯದು. "ದೇವರೇ, ಇನ್ಮೇಲೆ ಸುಳ್ಳು ಹೇಳಲ್ಲ, ಸ್ಪ್ಯಾನರ್ ಮುಟ್ಟಲ್ಲ, ಕುರ್ಚಿ ಬೇಡ, ಸ್ಟೂಲೇ ಸಾಕು!" ಎಂದು ಬಡಬಡಿಸುತ್ತ ತಿರುವಿನ ಮೇಲೆ ತಿರುವು ಇಳಿದ. ಕೊನೆಗೆ ರಸ್ತೆ ಸಮವಾಯಿತು, ಸೈಕಲ್ಲು ಹೊಲಕ್ಕೆ ನುಗ್ಗಿತು, ಗುಮಾಸ್ತ ಹುಲ್ಲಿನ ಮೆದೆಯೊಳಗೆ ಸೊಂಟದವರೆಗೆ ಹೂತುಹೋದ.

ಹೊರಗೆಳೆದವನು, ಬೆನ್ನಟ್ಟಿ ಬಂದ ವ್ಯಾನಿನಿಂದ ಇಳಿದು ಓಡಿಬಂದ ಮೆಕ್ಯಾನಿಕ್ಕು. "ಅಣ್ಣಾ, ಸದ್ಯ! ಮೇಲೆ ನೀವು ಮುಖ ತೊಳಿಯೋಕೆ ಹೋದಾಗ ಎಲ್ಲಾ ಸೈಕಲ್ಲೂ ಒಂದ್ಸಲ ನೋಡ್ದೆ. ನಿಮ್ದರಲ್ಲಿ ಎರಡೂ ಬ್ರೇಕು ಸಡಿಲ! ಸ್ಪ್ಯಾನರ್ ಸಿಗ್ಲಿಲ್ಲ, ಇಕ್ಕಳದಲ್ಲೇ ಚೆನ್ನಾಗಿ ಬಿಗಿದಿಟ್ಟೆ. ಇಲ್ದಿದ್ರೆ ನಿಮ್ಮ ಗತಿ ಏನಾಗ್ತಿತ್ತು?"

ಗುಮಾಸ್ತ ಕೈ ಚಾಚಿ ಬ್ರೇಕು ಅದುಮಿದ. ಅದು ಉಡದ ಹಾಗೆ ಕಚ್ಚಿಕೊಂಡಿತು. ಅವನು ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತ.

ಅಷ್ಟರಲ್ಲಿ ತಂಡವೆಲ್ಲ ಇಳಿದು ಬಂತು. "ಭೇಷ್ ಕಣ್ರೀ! ಬ್ರೇಕು ಮುಟ್ಟದೆ ಈ ಬೆಟ್ಟ ಇಳಿದೋರನ್ನ ನಾನು ನೋಡಿದ್ದು ಇದೇ ಮೊದ್ಲು" ಎಂದು ಮ್ಯಾನೇಜರು ತಬ್ಬಿಕೊಂಡರು. "ಇಂಥ ಗುಂಡಿಗೆಯೋರನ್ನ ಕುರ್ಚಿಗೆ ಕಟ್ಟಿಹಾಕಿದ್ರೆ ಪಾಪ ಬರುತ್ತೆ. ಅದನ್ನ ಟೈಪಿಸ್ಟ್ ಮೇಡಂಗೆ ಕೊಡೋಣ. ನೀವು ಇನ್ಮೇಲೆ ನಮ್ಮ ಸೈಕಲ್ ತಂಡದ ಮುಂದಾಳು. ನಾಳೆ ಅದು!"

ಅವರು ಬೆರಳು ತೋರಿಸಿದ ಕಡೆ ಇನ್ನೊಂದು ಬೆಟ್ಟವಿತ್ತು. ಅದರ ತುದಿ ಮೋಡದೊಳಗಿತ್ತು.

"ನಿಮ್ಮಂಥೋರಿಗೆ ಇದೆಲ್ಲ ಯಾಕ್ರೀ?" ಎಂದು ಮ್ಯಾನೇಜರು ಮೆತ್ತೆ ಬಿಚ್ಚಿ ತಮ್ಮ ಸೀಟಿಗೆ ಕಟ್ಟಿಕೊಂಡರು.

ಗುಮಾಸ್ತನ ಕೈ ಮೆಲ್ಲಗೆ ಜೇಬಿನ ಸ್ಪ್ಯಾನರಿನ ಕಡೆ ಹೋಯಿತು. ಅದರ ತುದಿ ಕಂಡ ಮೆಕ್ಯಾನಿಕ್ಕು, "ಓ, ಇಲ್ಲಿತ್ತಾ ಇದು! ಹುಡುಕಿ ಹುಡುಕಿ ಸಾಕಾಗಿತ್ತು" ಎಂದು ಎಳೆದುಕೊಂಡು, ಅವನ ಬೆನ್ನು ಸವರಿದ. "ಹೆದರ್ಬೇಡಿ ಅಣ್ಣಾ. ಇನ್ಮೇಲೆ ನಿಮ್ಮ ಬ್ರೇಕು ದಿನಾ ನಾನೇ ನೋಡ್ಕೋತೀನಿ."